ಮೇಲೆ ಚರೆ, ಕೆಳಗೆ ಗುಂಡು

ನರಿಯೊಂದು ವೆಂಡೆಲಿನ್‌ನ ಅತ್ತೆಯ ಕೋಳಿಗೂಡಿಗೆ ನುಗ್ಗಿದ್ದೇ ಎಲ್ಲಕ್ಕೂ ಮೂಲ. ನರಿ ಒಂದು ಕೋಳಿಯನ್ನು ಕಚ್ಚಿಕೊಂಡು ಬೆಟ್ಟ ಹತ್ತಿತು. ಅತ್ತೆ ಕ್ರೆಸೆಂಜ್ ಉಳಿದ ಕೋಳಿಗಳನ್ನೆಲ್ಲ ಬುಟ್ಟಿಗಳಲ್ಲಿ ತುಂಬಿಕೊಂಡು ಬೆಟ್ಟ ಇಳಿದು ನೇರವಾಗಿ ಅಳಿಯನ ಮನೆಗೆ ಬಂದಳು. ಆ ನರಿ ಸಾಯುವ ತನಕ ತಾನು ಬೆಟ್ಟದ ಮನೆಗೆ ಕಾಲಿಡುವುದಿಲ್ಲವೆಂದು ಹೊಸ್ತಿಲಲ್ಲೇ ನಿಂತು ಸಾರಿ, ಒಳಗೆ ಬಂದು, ಒಲೆಯ ಪಕ್ಕದ ಬೆಂಚಿನ ಮೇಲೆ ಕುಳಿತಳು. ಅದು ವೆಂಡೆಲಿನ್ ದಿನಾ ಸಂಜೆ ಕಾಲು ಚಾಚಿ ಕೂರುತ್ತಿದ್ದ ಜಾಗ.

ಇದು ನಡೆದು ಮೂರು ವಾರವಾಗಿತ್ತು. ಅಷ್ಟರಲ್ಲಿ ಬಟ್ಟೆ ಒಗೆಯುವ ಕೋಣೆ ಕೋಳಿಗೂಡಾಯಿತು, ಬಟ್ಟೆಯ ತೊಟ್ಟಿ ಅಡುಗೆಮನೆಗೆ ಬಂತು, ಅಡುಗೆ ಅತ್ತೆಯ ಕೈಗೆ ಹೋಯಿತು. ವೆಂಡೆಲಿನ್ ಸಪ್ಪೆ ಸೂಪಿಗೆ ಉಪ್ಪು ಹಾಕಿಕೊಳ್ಳಲು ಕೈ ಚಾಚಿದರೆ, "ಹಾಕ್ಕೊಳ್ಳಿ ಅಳಿಯಂದ್ರೇ, ನಿಮ್ಮ ಮಾವನೂ ಹಾಗೇ ಹಾಕ್ಕೊಂಡು ಹಾಕ್ಕೊಂಡೇ ಹೋದ್ರು," ಎನ್ನುತ್ತಿದ್ದಳು. ಚಾಚಿದ ಕೈ ಹಿಂದಕ್ಕೆ ಬರುತ್ತಿತ್ತು.

ಅತ್ತೆ ಕೋಳಿಗಳ ಜೊತೆ ಇನ್ನೊಂದು ವಸ್ತುವನ್ನೂ ತಂದಿದ್ದಳು. ತೀರಿಹೋದ ಮಾವನ ಕೋವಿ. ನಮ್ಮ ಸ್ಟೈರಿಯಾದ ಬೆಟ್ಟಗಳಲ್ಲಿ ಹಳೇ ಬೇಟೆಗಾರರ ಮನೆಯಲ್ಲಿ ಇರುವಂಥದ್ದೇ: ಒಂದೇ ಹಿಡಿ, ಒಂದರ ಮೇಲೊಂದು ಎರಡು ನಳಿಗೆ. ಮೇಲಿನದರಲ್ಲಿ ಮೆಣಸಿನ ಕಾಳಿನಂಥ ಚರೆ, ಕೆಳಗಿನದರಲ್ಲಿ ಒಂಟಿ ಗುಂಡು. ಬೆರಳಿನಿಂದ ಎಳೆದು ಸಿಡಿಸುವುದಕ್ಕೆ ಹಿಂದೆ ಮುಂದೆ ಎರಡು ಕುದುರೆ. ನರಿ ಹತ್ತಿರ ಬಂದರೆ ಹಿಂದಿನ ಕುದುರೆ ಎಳೆದು ಚರೆ ಹಾರಿಸಬೇಕು. ದೂರದಲ್ಲೇ ನಿಂತರೆ ಮುಂದಿನದನ್ನು ಎಳೆದು ಗುಂಡು ಹೊಡೆಯಬೇಕು. ಮುಂದಿನದಕ್ಕೆ ಒಂದು ವಿಶೇಷವೂ ಉಂಟು. ಅದನ್ನು ಎಳೆಯುವ ಮೊದಲು ಒಮ್ಮೆ ಮುಂದಕ್ಕೆ ಒತ್ತಿಬಿಟ್ಟರೆ ಆಮೇಲೆ ಎಷ್ಟು ಹಗುರವಾಗುತ್ತದೆ ಎಂದರೆ, ನೊಣ ಕುಳಿತರೂ ಕೋವಿ ಸಿಡಿಯುತ್ತದೆ. ಗುರಿ ಕದಲದಿರಲಿ ಅಂತ ಮಾಡಿದ ಉಪಾಯ. ನರಿಬೇಟೆಗೆ ಇದಕ್ಕಿಂತ ಒಳ್ಳೆಯ ಕೋವಿ ಇಲ್ಲವೆಂದು ಬಲ್ಲವರೆಲ್ಲ ಹೇಳುತ್ತಾರೆ. ಆದರೆ ಅದನ್ನು ಹಿಡಿದವನಿಗೆ ಚರೆಯೋ ಗುಂಡೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವ ಶಕ್ತಿ ಇರಬೇಕು.

ವೆಂಡೆಲಿನ್‌ಗೆ ಇಲ್ಲದಿದ್ದದ್ದು ಅದೊಂದೇ. ಅವನು ನಮ್ಮೂರ ಅಂಚೆ ಕಚೇರಿಯ ಗುಮಾಸ್ತ. ಯಾರಾದರೂ ಒಂದು ಸ್ಟಾಂಪು ಕೇಳಿದರೆ ಹೂವಿನ ಚಿತ್ರದ್ದು ಕೊಡಲೋ ಕೋಟೆಯ ಚಿತ್ರದ್ದು ಕೊಡಲೋ ಎಂದು ಅವನು ಯೋಚಿಸುವಷ್ಟರಲ್ಲಿ ಕಾಗದ ತಲುಪಬೇಕಾದವರೇ ಊರಿಗೆ ಬಂದುಬಿಡುತ್ತಾರೆ ಎಂದು ಜನ ನಗುತ್ತಿದ್ದರು. ಮಾವ ಬದುಕಿದ್ದಾಗ ಅವರ ಮನಸ್ಸಿಗೆ ಸಮಾಧಾನವಾಗಲೆಂದು ಬೇಟೆಯ ಪರೀಕ್ಷೆ ಬರೆದು ಹೇಗೋ ಪಾಸಾಗಿದ್ದ. ಅಷ್ಟೇ ಅವನ ಬೇಟೆ.

ಆ ಶನಿವಾರ ಬೆಳಿಗ್ಗೆ ಅವನು ಜೀವಮಾನದ ದೊಡ್ಡ ತೀರ್ಮಾನ ಮಾಡಿದ. ಕಾರಣ ಇಷ್ಟೆ: ಅತ್ತೆ ತಿಂಡಿಯ ಹೊತ್ತಿಗೆ, ಈ ಮನೆಯ ಪರದೆಗಳು ತನಗೆ ಹಿಡಿಸಲಿಲ್ಲ, ಚಳಿಗಾಲಕ್ಕೆ ಬೇರೆ ಹೊಲಿಸೋಣ ಎಂದಳು. ಚಳಿಗಾಲ ಎಂಬ ಮಾತು ಕಿವಿಗೆ ಬಿದ್ದದ್ದೇ ವೆಂಡೆಲಿನ್ ಬ್ರೆಡ್ಡನ್ನು ಕೆಳಗಿಟ್ಟು, ಇವತ್ತು ಸಂಜೆಯೊಳಗೆ ಆ ನರಿ ಇರಬಾರದು ಎಂದುಬಿಟ್ಟ. ಹೆಂಡತಿ ಆಫ್ರಾ ಅವನ ಹಣೆ ಮುಟ್ಟಿ ನೋಡಿದಳು.

ಸುದ್ದಿ ಅವನಿಗಿಂತ ಮೊದಲು ಅಂಚೆ ಕಚೇರಿ ತಲುಪಿತ್ತು. ಮಧ್ಯಾಹ್ನ ಬಾಗಿಲು ಹಾಕುವ ತನಕ ಬಂದವರೆಲ್ಲ ಸ್ಟಾಂಪಿನ ನೆಪದಲ್ಲಿ ಬುದ್ಧಿ ಹೇಳಿಹೋದರು. ಪಕ್ಕದ ಮನೆಯ ಬುರ್ಗಾ, ಊರಿನ ಯಾವ ಸುದ್ದಿಗೂ ಮೊದಲ ಬಾಯಿ ಆಕೆಯದೇ, ಚರೆಯೇ ಸರಿ ಎಂದಳು. ಚರೆ ಹರಡಿಕೊಳ್ಳುತ್ತದೆ, ಇವನಂಥವನು ಹೊಡೆದರೂ ಒಂದಾದರೂ ತಗಲುತ್ತದೆ ಎಂಬುದು ಆಕೆಯ ವಾದ. ಪಾದ್ರಿಗಳು ತಾವು ಜೀವಹಿಂಸೆಯ ವಿಷಯದಲ್ಲಿ ಏನೂ ಹೇಳುವುದಿಲ್ಲ ಎಂದು ಹೇಳಿ, ಒಂದು ಕ್ಷಣ ಬಿಟ್ಟು, ಆದರೆ ಗುಂಡಾದರೆ ಆ ಪ್ರಾಣಿಗೆ ನೋವು ಕಡಿಮೆ ಎಂದರು. ಕೊನೆಗೆ ಮರ ಕೊಯ್ಯುವ ಮಿಲ್ಲಿನ ಯಜಮಾನ ಲಾಂಪ್ರೆಕ್ಟ್ ಬಂದರು. ಊರಿನ ಸುತ್ತಲ ಬೇಟೆಯ ಹಕ್ಕೆಲ್ಲ ಅವರದು. ಅವರು ಹೂಂ ಅಂದರೆ ಮಾತ್ರ ಕಾಡಿನಲ್ಲಿ ಕೋವಿ ಸದ್ದು.

ಲಾಂಪ್ರೆಕ್ಟ್ ತಮ್ಮ ಮೀಸೆ ತೀಡಿಕೊಂಡು, ಹುಲ್ಲುಗಾವಲಿನ ಅಂಚಿನ ಅಟ್ಟಣೆಯ ಮೇಲೆ ಕೂರಬಹುದು ಎಂದು ಅಪ್ಪಣೆ ಕೊಟ್ಟರು. ಆಮೇಲೆ ಜೇಬಿನಿಂದ ಕೊಂಬಿನಲ್ಲಿ ಮಾಡಿದ ಒಂದು ಪುಟ್ಟ ಪೀಪಿ ತೆಗೆದು ಮೇಜಿನ ಮೇಲಿಟ್ಟರು.

"ಇದು ಮೊಲದ ಪೀಪಿ. ಊದಿದ್ರೆ ಗಾಯ ಆದ ಮೊಲ ಅತ್ತ ಹಾಗೆ ಕೇಳುತ್ತೆ. ಬಿಟ್ಟಿ ಊಟ ಸಿಗ್ತು ಅಂತ ನರಿ ಓಡಿ ಬರುತ್ತೆ. ಗಾಳಿ ನಿನ್ನ ಮುಖಕ್ಕೆ ಬಡೀತಾ ಇರಲಿ. ಮತ್ತೆ ವೆಂಡೆಲಿನ್, ಹತ್ತಿರ ಬಂದ್ರೆ ಚರೆ, ದೂರ ಇದ್ರೆ ಗುಂಡು. ಎರಡೇ ಎರಡು ಮಾತು. ತಲೆಗೆ ಹೋಯ್ತಾ?"

"ಹೋಯ್ತು ಯಜಮಾನ್ರೇ. ಹತ್ತಿರವೂ ಅಲ್ಲ, ದೂರವೂ ಅಲ್ಲ, ನಡುವೆ ನಿಂತ್ರೆ?"

ಲಾಂಪ್ರೆಕ್ಟ್ ಟೋಪಿ ಹಾಕಿಕೊಂಡು ಹೊರಟುಹೋದರು.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ವೆಂಡೆಲಿನ್ ಅಟ್ಟಣೆ ಏರಿ ಕುಳಿತಿದ್ದ. ಮುಂದೆ ಕೊಯ್ದ ಹುಲ್ಲುಗಾವಲು, ಅದರಾಚೆ ಗೋಡೆಯಂತೆ ಏರಿದ ಗುಡ್ಡ, ಹಿಂದೆ ಸ್ಪ್ರೂಸ್ ಮರಗಳ ಕಾಡು. ಗಾಳಿ ಹೇಳಿದ ಹಾಗೆಯೇ ಮುಖಕ್ಕೆ ಬಡಿಯುತ್ತಿತ್ತು. ಎರಡು ನಳಿಗೆಗೂ ತೋಟಾ ತುಂಬಿದ. ಪೀಪಿ ಬಾಯಿಗಿಟ್ಟು ಊದಿದ.

ಅವನೇ ಬೆಚ್ಚಿಬಿದ್ದ. ಮೊಲ ಅಳುವುದನ್ನು ಅವನು ಎಂದೂ ಕೇಳಿರಲಿಲ್ಲ. ಅದು ಥೇಟ್ ಆಗತಾನೇ ಹುಟ್ಟಿದ ಮಗು ಹಸಿವಿಗೆ ಅತ್ತ ಹಾಗೆಯೇ ಇತ್ತು. ಊ... ವಾ, ಊ... ವಾ ಎಂದು ಎದೆ ಹಿಂಡುವ ಧ್ವನಿ. ಆದರೆ ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಇಷ್ಟು ಸೊಗಸಾಗಿ ಕೈಗೆ ಬಂದದ್ದು ನೋಡಿ ಅವನಿಗೆ ಉತ್ಸಾಹ ಉಕ್ಕಿತು. ಬಿಟ್ಟು ಬಿಟ್ಟು ಊದಿದ. ಎಳೆದು ಊದಿದ. ಮೊಲ ಬಿಕ್ಕಳಿಸಿದ ಹಾಗೂ ಊದಿದ.

ಮೊದಲು ಒಂದು ಕಾಗೆ ಬಂದು ನೋಡಿ ಹೋಯಿತು. ಆಮೇಲೆ ಯಾರದೋ ಬೆಕ್ಕು ಬಂದು ಅಟ್ಟಣೆಯ ಕೆಳಗೆ ಕುಳಿತು ಮೇಲೆ ನೋಡಿ ಎದ್ದು ಹೋಯಿತು. ಮೂರನೆಯದಾಗಿ ಬಂದವಳು ಬುರ್ಗಾ. ಕಾಡಿನಲ್ಲಿ ಅಣಬೆ ಆರಿಸುತ್ತಿದ್ದವಳು ಮರಗಳ ಮರೆಯಲ್ಲಿ ನಿಂತು ಕಿವಿಗೊಟ್ಟಳು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು, ಬುಟ್ಟಿಯನ್ನು ಅಲ್ಲೇ ಹುಲ್ಲಿನಲ್ಲಿ ಬಿಟ್ಟು ಊರ ಕಡೆಗೆ ಓಡಿದಳು. ಆ ವಯಸ್ಸಿನಲ್ಲಿ ಆಕೆ ಹಾಗೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ವೆಂಡೆಲಿನ್ ಕೂಗಿ ಕರೆಯೋಣವೇ ಎಂದುಕೊಂಡ. ಕೂಗಿದರೆ ನರಿ ಹೆದರುತ್ತದೆ. ಕೂಗದಿದ್ದರೆ ಈಕೆ ಊರಲ್ಲಿ ಏನಾದರೂ ಹೇಳಿಬಿಡುತ್ತಾಳೆ. ಯಾವುದು ಮೇಲು ಎಂದು ತೂಗಿ ನೋಡುತ್ತಿದ್ದ ಹಾಗೆಯೇ ಬುರ್ಗಾ ತಿರುವಿನಲ್ಲಿ ಮರೆಯಾದಳು.

ಸ್ವಲ್ಪ ಹೊತ್ತಿಗೆ ಚರ್ಚಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸತೊಡಗಿತು. ಆಮೇಲೆ ಹುಲ್ಲುಗಾವಲಿನ ಕೆಳಗಿನಿಂದ ಊರಿಗೆ ಊರೇ ಬರುತ್ತಿರುವುದು ಕಂಡಿತು. ಮುಂದೆ ಪಾದ್ರಿಗಳು, ಕೈಯಲ್ಲಿ ದೀಕ್ಷಾಸ್ನಾನದ ನೀರಿನ ಬಟ್ಟಲು. ಪಕ್ಕದಲ್ಲಿ ಕಂಬಳಿ ಹೊತ್ತ ಬುರ್ಗಾ. ಅವರ ಹಿಂದೆ ಬೆಚ್ಚನೆಯ ಹಾಲಿನ ಸೀಸೆ ಹಿಡಿದ ಆಫ್ರಾ, ಅವಳ ಪಕ್ಕದಲ್ಲಿ ಅತ್ತೆ. ಲಾಂಪ್ರೆಕ್ಟ್ ಮಿಲ್ಲಿನ ಆಳುಗಳನ್ನು ಸಾಲಾಗಿ ನಿಲ್ಲಿಸಿ ಕಾಡು ಜಾಲಾಡುವುದಕ್ಕೆ ಸಿದ್ಧರಾಗಿ ಬಂದಿದ್ದರು.

ವೆಂಡೆಲಿನ್ ಪೀಪಿಯನ್ನು ಜೇಬಿಗೆ ಹಾಕಿಕೊಂಡು, ಕೋವಿ ಹೆಗಲಿಗೇರಿಸಿ ಕೆಳಗಿಳಿದ. ಇಳಿಯುವ ಮೊದಲು ತೋಟಾ ತೆಗೆಯಬೇಕೆಂದು ಪರೀಕ್ಷೆಗೆ ಓದಿದ್ದು ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಏನಾಯಿತೆಂದು ಕೇಳಿದ. ಯಾವಳೋ ಪಾಪಿ ಹಸುಗೂಸನ್ನು ಕಾಡಿನಲ್ಲಿ ಎಸೆದು ಹೋಗಿದ್ದಾಳೆ, ತಾನು ಕಿವಿಯಾರೆ ಕೇಳಿದೆ ಎಂದು ಬುರ್ಗಾ ಅಳುತ್ತಾ ಹೇಳಿದಳು. ಆಗಲೇ ಹೇಳಿಬಿಟ್ಟಿದ್ದರೆ ಎರಡು ನಿಮಿಷ ನಗೆಯಾಗಿ ಮುಗಿದುಹೋಗುತ್ತಿತ್ತು. ಆದರೆ ಪಾದ್ರಿಗಳು ಆಗಲೇ ಪ್ರಾರ್ಥನೆ ಶುರು ಮಾಡಿದ್ದರು. ಪ್ರಾರ್ಥನೆಯ ನಡುವೆ ಮಾತಾಡುವುದು ಹೇಗೆ? ಅದು ಮುಗಿಯುವ ಹೊತ್ತಿಗೆ ಆಫ್ರಾಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು, ತಮ್ಮ ಮಗಳು ಮದುವೆಯಾಗಿ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ, ಮಗು ಸಿಕ್ಕಿದರೆ ತಾನೇ ಸಾಕುತ್ತೇನೆ ಎಂದಳು. ಈಗ ಹೇಳುವುದು ಹೇಗೆ? ಹೀಗೆ ವೆಂಡೆಲಿನ್ ಒಳ್ಳೆಯ ಸಮಯ ನೋಡುತ್ತಾ ನೋಡುತ್ತಾ ಎಲ್ಲರ ಜೊತೆ ತಾನೂ ಪೊದೆಗಳಲ್ಲಿ ತನ್ನನ್ನೇ ಹುಡುಕತೊಡಗಿದ.

ಮಗು ಸಿಗಲಿಲ್ಲ. ಜನ ಹುಲ್ಲುಗಾವಲಿನ ಅಂಚಿಗೆ ವಾಪಸಾದರು. ಸಿಗದ ಮಗುವಿನ ಜಾಗದಲ್ಲಿ ಅನುಮಾನ ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದನ್ನು ಹೆತ್ತವಳು ಅತ್ತೆ.

"ಅಲ್ಲ ಅಳಿಯಂದ್ರೇ, ನೀವು ಊಟ ಆದಾಗಿಂದ ಇಲ್ಲೇ ಕೂತಿದ್ದೀರಿ. ಅಣಬೆ ಆರಿಸೋ ಬುರ್ಗಾಗೆ ಕೇಳಿದ್ದು ಅಟ್ಟಣೆ ಮೇಲಿರೋ ನಿಮಗೆ ಕೇಳಲಿಲ್ವೇ?"

ವೆಂಡೆಲಿನ್ ಜೇಬಿನ ಪೀಪಿಯನ್ನು ಒತ್ತಿ ಹಿಡಿದ. ಅವನ ಮುಖ ಬೀಟ್‌ರೂಟಿನಂತೆ ಕೆಂಪಾಯಿತು. ಮುಖ ಯಾಕೆ ಹಾಗಾಯಿತೆಂದು ಬುರ್ಗಾ ಕೇಳಿದಳು. ಊರಿನ ಬೇಟೆಗಾರರೆಲ್ಲ ಬೆಳಿಗ್ಗೆಯೇ ಹೋಗುವಾಗ ಈತ ಒಬ್ಬನೇ ಮಧ್ಯಾಹ್ನ ಬಂದದ್ದೇಕೆ ಎಂದು ಯಾರೋ ಹಿಂದಿನಿಂದ ಸೇರಿಸಿದರು. ಇನ್ಯಾರೋ, ಎಂದೂ ತೀರ್ಮಾನ ಮಾಡದವನು ಇವತ್ತೇ ಕಾಡಿಗೆ ಹೋಗುತ್ತೇನೆ ಎಂದಾಗಲೇ ತನಗೆ ಸಂಶಯ ಬಂದಿತ್ತೆಂದರು. ಅಂಚೆ ಕಚೇರಿಯಲ್ಲೇ ಕೂರುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ ಹೋದ ವಸಂತದಲ್ಲಿ ಕೆಲಸ ಬಿಟ್ಟು ಊರು ಬಿಟ್ಟದ್ದು ಒಬ್ಬರಿಗೆ ನೆನಪಾಯಿತು. ಉಳಿದವರು ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದರು. ಆಫ್ರಾ ಹಾಲಿನ ಸೀಸೆಯನ್ನು ಕತ್ತಿನ ಕಡೆಯಿಂದ ಹಿಡಿದುಕೊಂಡು ಗಂಡನನ್ನು ನೋಡುತ್ತಾ ನಿಂತಳು. ಅವಳ ಹಿಡಿತ ಮಗುವಿಗೆ ಹಾಲು ಕುಡಿಸುವವರ ಹಿಡಿತದಂತಿರಲಿಲ್ಲ.

"ಆಫ್ರಾ," ಎಂದ ವೆಂಡೆಲಿನ್, "ಆ ಮಗು ನಾನೇ."

ಪಾದ್ರಿಗಳು ನೀರಿನ ಬಟ್ಟಲನ್ನು ಕೆಳಗಿಟ್ಟರು.

ವೆಂಡೆಲಿನ್ ಜೇಬಿನ ಪೀಪಿ ತೆಗೆದ. ಮಾತಿನಲ್ಲಿ ಬಿಡಿಸಿ ಹೇಳಲು ಹೋದರೆ ಇನ್ನಷ್ಟು ಸಿಕ್ಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಬಾಯಿಗಿಟ್ಟು, ತನ್ನ ಸಂಸಾರವೆಲ್ಲ ಆ ಒಂದು ಉಸಿರಿನ ಮೇಲಿದೆ ಎನ್ನುವಂತೆ ಊದಿದ. ಊ... ವಾ ಎಂದು ಹಸುಗೂಸು ಇಡೀ ಬಯಲಿಗೆ ಕೇಳುವಂತೆ ಅತ್ತಿತು. ಎಲ್ಲರೂ ಗರಬಡಿದವರಂತೆ ನಿಂತರು. ಮೊದಲು ಆಫ್ರಾ ಸೀಸೆಯನ್ನು ಕೆಳಗಿಳಿಸಿದಳು. ಆಮೇಲೆ, ಓಡಿ ಓಡಿ ಮೊಣಕಾಲು ಹಿಡಿದುಹೋದ ಬುರ್ಗಾ, ಇಂಥ ಮನುಷ್ಯನನ್ನು ಏನು ಮಾಡಬೇಕೆಂದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಲಾಂಪ್ರೆಕ್ಟ್ ಕೈ ಎತ್ತಿ, "ಅಲುಗಬೇಡಿ," ಎಂದು ಪಿಸುಗುಟ್ಟಿದರು.

ಹುಲ್ಲುಗಾವಲಿನ ಆಚೆ, ಗುಡ್ಡದ ಬುಡದ ಜರೀಗಿಡಗಳ ನಡುವಿನಿಂದ ನರಿ ಹೊರಬಂದಿತ್ತು. ಇಷ್ಟೊಂದು ಜನ ಬೇಲಿಯ ಕಂಬಗಳಂತೆ ನಿಂತಿದ್ದರಿಂದಲೋ, ಗಾಳಿ ಅದರ ಕಡೆಯಿಂದ ಬೀಸುತ್ತಿದ್ದರಿಂದಲೋ, ಮೊಲದ ಆಸೆಯಿಂದಲೋ, ಅದು ನೆಲ ಮೂಸುತ್ತಾ ನೇರವಾಗಿ ಬರುತ್ತಿತ್ತು. ಅದರ ಹಿಂದೆ ಗುಡ್ಡ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ವೆಂಡೆಲಿನ್ ಹೆಗಲಿನಿಂದ ಕೋವಿ ಇಳಿಸಿ ಗುರಿ ಹಿಡಿದ. ನರಿ ನಿಂತಿತು. ಹತ್ತಿರವೂ ಅಲ್ಲ, ದೂರವೂ ಅಲ್ಲ.

"ಚರೆ ಹಾರಿಸು," ಎಂದು ಬುರ್ಗಾ ಉಸುರಿದಳು.

"ಗುಂಡು, ಅಳಿಯಂದ್ರೇ."

ಮೀಸೆಯ ಕೆಳಗಿನಿಂದ ಲಾಂಪ್ರೆಕ್ಟ್ ಸ್ವಲ್ಪ ತಡಿ ಎಂದರು. ಪಾದ್ರಿಗಳು ಆಕಾಶ ನೋಡಿದರು. ವೆಂಡೆಲಿನ್ ಗುಂಡೇ ಸರಿ ಎಂದು ಮುಂದಿನ ಕುದುರೆಯನ್ನು ಮುಂದಕ್ಕೆ ಒತ್ತಿ ಹಗುರ ಮಾಡಿಟ್ಟ. ಇಲ್ಲ, ಇಷ್ಟು ಹತ್ತಿರಕ್ಕೆ ಚರೆಯೇ ಸರಿ ಎಂದು ಹಿಂದಿನದರ ಕಡೆಗೆ ಬೆರಳು ತಂದ. ಹಾಗೆ ತರುವಾಗ ಬೆರಳಿನ ಬೆನ್ನು ಮುಂದಿನದಕ್ಕೆ ಸವರಿತು. ಢಂ ಎಂದು ಗುಂಡು ಹೋಯಿತು. ಬೆಚ್ಚಿದ ಬೆರಳು ಹಿಂದಿನದನ್ನು ಹಿಡಿದು ಎಳೆಯಿತು. ಢಂ ಎಂದು ಚರೆಯೂ ಹೋಯಿತು. ವೆಂಡೆಲಿನ್ ಹಿಂದಕ್ಕೆ ಹಾರಿ, ಬುರ್ಗಾ ಬಿಟ್ಟುಹೋಗಿದ್ದ ಅಣಬೆಯ ಬುಟ್ಟಿಯಲ್ಲಿ ಕುಳಿತ.

ಹೊಗೆ ಸರಿದಾಗ ನರಿ ಹುಲ್ಲಿನ ಮೇಲೆ ಮಲಗಿತ್ತು.

ನಮ್ಮ ಹಿಂಟರ್‌ಕೋಗೆಲ್ ಊರಿನಲ್ಲಿ ಒಬ್ಬ ಮನುಷ್ಯನ ಮರ್ಯಾದೆ ಅಷ್ಟು ಬೇಗ ಅಷ್ಟು ಎತ್ತರಕ್ಕೆ ಏರಿದ್ದು ಅದೇ ಮೊದಲು. ಅಣಬೆಯ ಮಧ್ಯದಿಂದ ಅವನನ್ನು ಎತ್ತಿ ನಿಲ್ಲಿಸಿದರು. ಮಗುವಿನ ಮಾತು ಎಲ್ಲರಿಗೂ ಮರೆತುಹೋಯಿತು. ಯಾಕೆಂದರೆ ಅದಕ್ಕಿಂತ ದೊಡ್ಡ ವಿಷಯ ಎದುರಿಗಿತ್ತು: ನರಿ ಸತ್ತದ್ದು ಗುಂಡಿಗೋ ಚರೆಗೋ? ನರಿಯನ್ನು ಮಗುಚಿ ಹಾಕಿ ನೋಡಿದರು. ರಕ್ತದ ಒಂದು ಹನಿ ಇರಲಿಲ್ಲ. ಬೆನ್ನಿನ ಮೇಲೆ ಮಾತ್ರ ಕೂದಲು ಬೋಳಿಸಿದ ಹಾಗೆ ಒಂದು ಗೆರೆ. ಗೆರೆ ಇದ್ದ ಮೇಲೆ ಗುಂಡೇ ಎಂದು ಅತ್ತೆಯ ಕಡೆಯವರು, ಒಂದೇ ಗೆರೆಗೆ ಯಾರು ಸಾಯುತ್ತಾರೆ, ಒಳಗೆಲ್ಲ ಚರೆ ತುಂಬಿರಬೇಕು ಎಂದು ಬುರ್ಗಾಳ ಕಡೆಯವರು. ಪಾದ್ರಿಗಳು ನರಿ ನಿಜವಾಗಿ ಸತ್ತಿದೆಯೇ ಎಂದು ಮೆಲ್ಲಗೆ ಕೇಳಿದರು.

ಲಾಂಪ್ರೆಕ್ಟ್ ನರಿಯನ್ನು ಬೂಟಿನ ತುದಿಯಿಂದ ಒಮ್ಮೆ ಮುಟ್ಟಿದರು. ಸಾಮಾನ್ಯ ಬೇಟೆಗಾರರಾಗಿದ್ದರೆ ಬಗ್ಗಿ ಕಣ್ಣಿಗೆ ಕಡ್ಡಿ ತಾಗಿಸಿ ನೋಡುತ್ತಿದ್ದರು.

"ಸ್ವಾಮೀ, ನೀವು ಆತ್ಮದ ಯೋಗಕ್ಷೇಮ ನೋಡ್ಕೊಳ್ಳಿ, ದೇಹದ್ದು ನನಗೆ ಬಿಡಿ," ಎಂದರು. "ನಾನು ಸತ್ತಿದೆ ಅಂದ ಮೇಲೆ ಎದ್ದ ಪ್ರಾಣಿ ಈ ಬೆಟ್ಟದಲ್ಲಿಲ್ಲ."

ಅಲ್ಲಿಗೆ ನರಿ ಸತ್ತಿತು. ಮಿಲ್ಲಿನ ಆಳುಗಳು ಅದನ್ನು ಕೋಲಿಗೆ ನೇತುಹಾಕದೆ, ಮಗುವಿಗೆಂದು ತಂದಿದ್ದ ಬುರ್ಗಾಳ ಕಂಬಳಿಯಲ್ಲೇ ಸುತ್ತಿಕೊಂಡು ಊರಿಗೆ ಹೊತ್ತರು. ದಾರಿಯುದ್ದಕ್ಕೂ ಅತ್ತೆ ವೆಂಡೆಲಿನ್‌ನ ಪಕ್ಕದಲ್ಲೇ ನಡೆದಳು. ತನ್ನ ಗಂಡ ಇದ್ದಿದ್ದರೆ ಇವತ್ತು ಎಷ್ಟು ಹೆಮ್ಮೆಪಡುತ್ತಿದ್ದರು ಎಂದಳು. ತಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ, ಇವತ್ತೇ ಬೆಟ್ಟದ ಮನೆಗೆ ಹೊರಡುತ್ತೇನೆ ಎಂದಳು. ವೆಂಡೆಲಿನ್, ಇಷ್ಟು ಅವಸರವೇನು, ಊಟ ಮಾಡಿಕೊಂಡು ಹೋಗಬಹುದಲ್ಲ ಎಂದ. ಹಾಗೆಂದ ಮೇಲೆ ಎಲ್ಲಿ ಒಪ್ಪಿಬಿಡುತ್ತಾಳೋ ಎಂದು ಹೆಜ್ಜೆ ಬಿರುಸು ಮಾಡಿದ. ಆದರೆ ಅತ್ತೆ ಮನೆಗೆ ಹೋಗಿ ಕೋಳಿಗಳನ್ನು ಬುಟ್ಟಿಗೆ ತುಂಬಿ, ಪೆಟ್ಟಿಗೆ ಕಟ್ಟಿ, ಲಾಂಪ್ರೆಕ್ಟರ ಟ್ರಾಕ್ಟರಿನ ಟ್ರೈಲರಿಗೆ ಏರಿಸಿಯೂಬಿಟ್ಟಳು. ಬೇಟೆಗೆ ಮರ್ಯಾದೆ ಮಾಡುವ ಸಮಾರಂಭ ಮುಗಿದದ್ದೇ ಟ್ರಾಕ್ಟರ್ ಹೊರಡುವುದೆಂದಾಯಿತು.

ಸಮಾರಂಭ ಹೆಂಡದಂಗಡಿಯ ಅಂಗಳದಲ್ಲಿ. ಸ್ಪ್ರೂಸ್ ಸೊಪ್ಪಿನ ಹಾಸಿಗೆ ಹಾಸಿ, ನರಿಯನ್ನು ಬಲಮಗ್ಗುಲಿಗೆ ಮಲಗಿಸಿದರು. ಬೇಟೆಯ ಪ್ರಾಣಿಗೆ ಕೊನೆಯ ತುತ್ತೆಂದು ಒಂದು ಹಸಿರು ಕುಡಿಯನ್ನು ಅದರ ಹಲ್ಲುಗಳ ನಡುವೆ ಇಟ್ಟರು. ಇನ್ನೊಂದು ಕುಡಿಯನ್ನು, ಹೊಡೆದವನ ಗೌರವಕ್ಕೆಂದು, ಲಾಂಪ್ರೆಕ್ಟ್ ಕಳಚಿ ಹಿಡಿದ ತಮ್ಮ ಟೋಪಿಯ ಮೇಲಿಟ್ಟು ವೆಂಡೆಲಿನ್‌ಗೆ ಕೊಟ್ಟು ಕೈ ಕುಲುಕಿದರು. ವೆಂಡೆಲಿನ್ ಅದನ್ನು ಟೋಪಿಯ ಎಡಕ್ಕೆ ಸಿಕ್ಕಿಸಲೋ ಬಲಕ್ಕೋ ಎಂದು ನಿಂತಾಗ ಆಫ್ರಾ ಬಂದು ತಾನೇ ಬಲಕ್ಕೆ ಸಿಕ್ಕಿಸಿದಳು. ಅವಳ ಕಣ್ಣಿನಲ್ಲಿ ಮದುವೆಯ ದಿನದ ಹೊಳಪಿತ್ತು. ಒಳಗೆ ಪೀಪಾಯಿಗೆ ನಲ್ಲಿ ಹೊಡೆಯುವ ಸದ್ದು ಕೇಳುತ್ತಿತ್ತು. ಬೇಟೆ ಹೊಡೆದವನು ಊರಿಗೆಲ್ಲ ಬಿಯರು ಕುಡಿಸಬೇಕಾದದ್ದು ನಮ್ಮಲ್ಲಿಯ ಪದ್ಧತಿ. ವೆಂಡೆಲಿನ್ ಅವತ್ತು ಅದಕ್ಕೂ ಬೇಸರಿಸಲಿಲ್ಲ. ಟ್ರೈಲರಿನ ಮೇಲೆ ಕುಳಿತ ಅತ್ತೆಯನ್ನು ನೋಡಿದಾಗಲೆಲ್ಲ ಅವನಿಗೆ ಇನ್ನೊಂದು ಪೀಪಾಯಿಯನ್ನೂ ಒಡೆಸೋಣ ಎನಿಸುತ್ತಿತ್ತು.

ಲಾಂಪ್ರೆಕ್ಟ್ ಹಿತ್ತಾಳೆಯ ಕೊಂಬನ್ನು ಎತ್ತಿಕೊಂಡರು. ಎಲ್ಲರೂ ಟೋಪಿ ತೆಗೆದರು. ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ನರಿ ಸತ್ತಾಗ ಊದುವ ರಾಗವನ್ನು ಅವರು ಊದತೊಡಗಿದರು.

ನರಿಯ ಕಿವಿ ಅಲುಗಿತು.

ಮೊದಲು ನೋಡಿದವನು ವೆಂಡೆಲಿನ್. ಗಾಳಿಯಿರಬಹುದು ಎಂದುಕೊಂಡ. ಮತ್ತೆ ಅಲುಗಿತು. ಹೇಳಲೋ ಬೇಡವೋ? ರಾಗದ ನಡುವೆ ಮಾತಾಡುವುದು ಅಪಚಾರ. ಅವನು ಹಾಗೆ ಯೋಚಿಸುತ್ತಿದ್ದಾಗಲೇ ನರಿ ಕಣ್ಣು ಬಿಟ್ಟಿತು. ತಲೆ ಎತ್ತಿ ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿತು. ಎದ್ದು ನಿಂತು ಮುಂಗಾಲು ಚಾಚಿ ಮೈ ಮುರಿಯಿತು. ಗುಂಡು ಬೆನ್ನುಮೂಳೆಯ ಮೇಲೆ ಸವರಿಕೊಂಡು ಹೋದ ಏಟಿಗೆ ಅದು ಪ್ರಜ್ಞೆ ತಪ್ಪಿತ್ತೇ ಹೊರತು ಇನ್ನೇನೂ ಆಗಿರಲಿಲ್ಲ. ಚರೆಯಂತೂ ಹತ್ತಿರವೂ ಸುಳಿದಿರಲಿಲ್ಲ. ಕಣ್ಣು ಮುಚ್ಚಿ ಊದುತ್ತಿದ್ದ ಲಾಂಪ್ರೆಕ್ಟರ ಎರಡು ಕಾಲುಗಳ ನಡುವೆ ಅದು ನುಸುಳಿ, ಅಂಗಳದ ಬೇಲಿ ಹಾರಿ, ಬೆಟ್ಟದ ದಾರಿ ಹಿಡಿಯಿತು. ಕೊನೆಯ ತುತ್ತಿನ ಹಸಿರು ಕುಡಿ ಇನ್ನೂ ಅದರ ಹಲ್ಲಿನಲ್ಲೇ ಇತ್ತು.

ಲಾಂಪ್ರೆಕ್ಟ್ ರಾಗ ಮುಗಿಸಿ ಕಣ್ಣು ಬಿಟ್ಟರು. ಸೊಪ್ಪಿನ ಹಾಸಿಗೆ ಖಾಲಿಯಾಗಿತ್ತು.

"ನರಿ ಯಾರು ತಗೊಂಡ್ರು?"

"ಅದೇ ತಗೊಂಡು ಹೋಯ್ತು ಯಜಮಾನ್ರೇ, ತನ್ನನ್ನ ತಾನೇ," ಎಂದಳು ಬುರ್ಗಾ.

ಲಾಂಪ್ರೆಕ್ಟ್ ಬಹಳ ಹೊತ್ತು ಬೇಲಿಯ ಕಡೆ ನೋಡಿದರು. ಪಕ್ಕದ ಊರಿನ ಬೇಟೆಗಾರರಿಗೆ ಈ ಸುದ್ದಿ ಹೋದರೆ ಏನಾಗುತ್ತದೆಂದು ಅವರ ಮೀಸೆ ಯೋಚಿಸುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ ಅವರು ಕೊಂಬನ್ನು ಬಗಲಿಗೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು. ನರಿ ಸತ್ತಿದೆ. ಸತ್ತಿದೆ ಎಂದು ತಾವು ಹೇಳಿ ಆಗಿದೆ, ಕುಡಿ ಕೊಟ್ಟಾಗಿದೆ, ಕೊಂಬು ಊದಿ ಆಗಿದೆ. ಆಮೇಲೆ ಅದು ಎಲ್ಲಿಗೆ ಹೋಯಿತು ಎಂಬುದು ಬೇಟೆಗೆ ಸಂಬಂಧಪಟ್ಟ ವಿಷಯವಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರಿ ಬದುಕಿದೆ ಎಂದರೆ ಬೇಟೆ ಆಗಿಲ್ಲ. ಬೇಟೆ ಆಗಿಲ್ಲವೆಂದರೆ ಬಿಯರು ಇಲ್ಲ. ಒಳಗೆ ಪೀಪಾಯಿಗೆ ನಲ್ಲಿ ಹೊಡೆದಾಗಿತ್ತು. ಸತ್ತಿದೆ ಎಂದು ಮೊದಲು ಮಿಲ್ಲಿನ ಆಳುಗಳು ಒಪ್ಪಿದರು, ಆಮೇಲೆ ಉಳಿದವರು. ಚರೆಗೇ ಸತ್ತದ್ದು ಎಂದು ಸೇರಿಸಿ ಬುರ್ಗಾ ಕೂಡ ಒಪ್ಪಿದಳು. ಸತ್ತವರು ಎದ್ದು ಬರುವ ವಿಷಯದಲ್ಲಿ ತಮಗೆ ತಕರಾರಿಲ್ಲ ಎಂದರು ಪಾದ್ರಿಗಳು.

"ಆದ್ರೆ ಯಜಮಾನ್ರೇ," ವೆಂಡೆಲಿನ್ ಅವರ ತೋಳು ಹಿಡಿದುಕೊಂಡ, "ಅದು ಓಡಿಹೋಯ್ತಲ್ಲ. ನಾಳೆ ಬೆಳಿಗ್ಗೆ ಇನ್ನೊಂದ್ಸಲ ಕೂತು ನೋಡ್ಲಾ?"

"ಯಾವ ನರಿಗೆ?" ಎಂದರು ಲಾಂಪ್ರೆಕ್ಟ್. ಅವರ ಧ್ವನಿ ತಣ್ಣಗಿತ್ತು. "ಈ ಬೆಟ್ಟದಲ್ಲಿ ಇದ್ದ ನರಿನ ನೀನು ಇವತ್ತು ಹೊಡೆದಿದ್ದೀಯ. ಇಲ್ಲದ ನರಿಗೆ ಕೋವಿ ಹಿಡ್ಕೊಂಡು ಹೋದ್ರೆ ನನ್ನ ಮಾತು ಸುಳ್ಳು ಅಂದ ಹಾಗೆ. ನಾಳೆಯಿಂದ ನೀನು ಅಟ್ಟಣೆ ಹತ್ತಬೇಡ. ಬಾ, ಜನಕ್ಕೆ ಬಾಯಾರಿಕೆ."

ಬಿಯರು ಹರಿಯಿತು. ವೆಂಡೆಲಿನ್‌ನ ಆರೋಗ್ಯಕ್ಕೆ, ಮಾವನ ಆತ್ಮಕ್ಕೆ, ಗುಂಡಿಗೆ, ಚರೆಗೆ ಎಂದು ಜನ ಬೇರೆ ಬೇರೆಯಾಗಿ ಕುಡಿದರು. ವೆಂಡೆಲಿನ್‌ಗೂ ಒಂದು ಲೋಟ ಇಳಿದ ಮೇಲೆ ತಲೆಯಲ್ಲಿ ಬೆಳಕು ಹರಿಯಿತು. ಇದರಲ್ಲಿ ತನಗೇನು ನಷ್ಟ? ನರಿ ಸತ್ತಿದೆ ಎಂದು ಊರೇ ಒಪ್ಪಿದೆ. ಊರು ಒಪ್ಪಿದ್ದನ್ನು ಅತ್ತೆ ಹೇಗೆ ಇಲ್ಲವೆನ್ನುತ್ತಾಳೆ? ಅವನು ಲೋಟ ಕೆಳಗಿಟ್ಟು ಬಹುತೇಕ ಕುಣಿಯುತ್ತಾ ಟ್ರಾಕ್ಟರಿನ ಕಡೆಗೆ ಹೋದ. ಸೂರ್ಯ ಇನ್ನೂ ಬೆಟ್ಟದ ಮೇಲಿದ್ದ. ಬೆಳಕಿರುವಾಗಲೇ ಅತ್ತೆಯನ್ನು ಮನೆ ಮುಟ್ಟಿಸಬಹುದು.

"ಅತ್ತೆ, ಎಲ್ಲರೂ ತೀರ್ಮಾನ ಮಾಡಿದ್ದಾರೆ. ನರಿ ಸತ್ತಿದೆ."

"ನಾನೂ ಕೇಳಿಸ್ಕೊಂಡೆ ಅಳಿಯಂದ್ರೇ. ಸತ್ತಿಲ್ಲ ಅಂತ ನಾನೇನು ಹೇಳಲ್ಲ. ಹೊಡೆದೋರು ನೀವು, ಕೋವಿ ನಮ್ಮನೆಯೋರದು. ಸತ್ತಿದೆ."

ವೆಂಡೆಲಿನ್ ಚಾಲಕನಿಗೆ ಹೊರಡುವಂತೆ ಕೈ ಮಾಡಿದ. ಆದರೆ ಅತ್ತೆ ಲಂಗ ಎತ್ತಿಕೊಂಡು ಟ್ರೈಲರಿನಿಂದ ಕೆಳಗಿಳಿಯುತ್ತಿದ್ದಳು.

"ಅದಕ್ಕೇ ನಾನು ಹೋಗಲ್ಲ," ಎಂದಳು. "ಬದುಕಿರೋ ನರಿ ಆಗಿದ್ದಿದ್ರೆ ಪೊರಕೆ ತಗೊಂಡು ಓಡಿಸ್ಬಹುದಿತ್ತು. ಸತ್ತ ನರಿ ಓಡಾಡ್ತಿರೋ ಬೆಟ್ಟದಲ್ಲಿ ಗಂಡ ಇಲ್ಲದ ಹೆಂಗಸು ನಾನೊಬ್ಬಳೇ ಹೇಗೆ ಮಲಗಲಿ, ನೀವೇ ಹೇಳಿ."

ಅತ್ತೆ ಕೋಳಿಯ ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿ ಅವನ ಎರಡೂ ಕೈಗಳಿಗೆ ಕೊಟ್ಟಳು.

"ಬಟ್ಟೆ ಒಗೆಯೋ ಕೋಣೆಗೆ ಬೇಡ, ಇವತ್ತಿಂದ ಇವು ನಿಮ್ಮ ಮಲಗೋ ಕೋಣೆಲಿರಲಿ," ಎಂದಳು. "ಸತ್ತಿರೋದಕ್ಕೆ ಬಾಗಿಲು, ಗೋಡೆ ಯಾವುದೂ ಅಡ್ಡ ಬರಲ್ಲವಂತೆ. ಒಳಗೆ ಕೋವಿ ಹಿಡಿದೋರೊಬ್ಬರು ಎಚ್ಚರವಾಗಿರಬೇಕು."